ಧಾರೆಗೆ ಮೊದಲು ತೊಳೆದ ಅಂಗೈ

ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದೆ. ಮಲೆಬೆನ್ನೂರಿನ ಕಡೆಯ ಅಕ್ಕಿ, ಅನ್ನಕ್ಕೆ ಬಹಳ ಚೆನ್ನ, ಆದರೆ ಹಿಡಿಗೆ ನಾಲ್ಕು ಕಲ್ಲು. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ರಸ್ತೆಯಲ್ಲಿ ಊರು ಮುಗಿಯುವ ಕಡೆ ಆಗ ನಮ್ಮ ಮನೆ. ಆ ವರ್ಷ ರಸ್ತೆ ಅಗಲ ಮಾಡಿ ಹೊಸ ಜಲ್ಲಿ ಹಾಕುತ್ತಿದ್ದರು. ಕಟ್ಟೆಯ ಮೇಲೆ ಕೂತರೆ ಜಲ್ಲಿ ಸುರಿಯುವ ಸದ್ದೇ ಸದ್ದು. ನಮ್ಮ ಯಜಮಾನರು ಬೆಳಗಿನ ಪಾಳಿಗೆ ಹತ್ತಿ ಗಿರಣಿಗೆ ಹೋಗಿದ್ದರು. ಮಕ್ಕಳು ಹರಿಹರದಲ್ಲಿ ನನ್ನ ತವರಿನಲ್ಲಿದ್ದರು. ಅತ್ತೆ ಒಳಗೆ ಲಿಂಗಪೂಜೆ ಮುಗಿಸಿ ಏಳುವ ಹೊತ್ತು.

ಆಗ ಜಲ್ಲಿ ಹೊರುವ ಹೆಂಗಸೊಬ್ಬಳು ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸದೆ ನಮ್ಮ ಬೇಲಿಯ ಬಾಗಿಲಿಗೆ ಓಡಿ ಬಂದಳು. "ಅವ್ವಾ, ಬೇಗ ಬರ್ರಿ. ಮದುವೆ ದಿಬ್ಬಣದ ಲಾರಿಯಾಗಿಂದ ಹೆಂಗಸರು ಉದುರ್ಯಾರೆ."

ಉದುರಿದರು ಅಂದದ್ದು ಕೇಳಿ ಎದ್ದೆ. ಮೊರ ಅಲ್ಲೇ ಬಿಟ್ಟು ಓಡಿದೆ.

ನಡೆದದ್ದು ಇಷ್ಟು. ಕಡರನಾಯಕನಹಳ್ಳಿಯ ಹೆಣ್ಣು, ದಾವಣಗೆರೆಯ ಮಂಡಿಪೇಟೆಯ ಗಂಡು. ಮದುವೆ ಗಂಡಿನ ಮನೆಯಲ್ಲಿ. ಹೆಣ್ಣಿನ ಕಡೆಯವರನ್ನು ಕರೆತರಲು ಗಂಡಿನ ಸೋದರಮಾವ ತಮ್ಮ ಮಂಡಿಯ ಲಾರಿಯನ್ನೇ ತೆಗೆದುಕೊಂಡು ಹೋಗಿದ್ದರು. ದಿಬ್ಬಣ ನಸುಕಿನಲ್ಲೇ ಹೊರಟು, ಹರಿಹರದಲ್ಲಿ ಇಳಿದು ದೇವರಿಗೆ ಕಾಯಿ ಒಡೆಸಿ, ಹಾಡು ಹೇಳುತ್ತಾ ಬರುತ್ತಿತ್ತು. ನಮ್ಮ ಮನೆಯ ಮುಂದೆ ಹೊಸ ಜಲ್ಲಿಯ ಮೇಲೆ ಹತ್ತುವಾಗ ಲಾರಿ ಒಮ್ಮೆ ಎತ್ತಿ ಹಾಕಿತು. ಹಿಂದಿನ ಹಲಗೆಯ ಕೊಂಡಿ ಕಳಚಿಕೊಂಡಿತು. ಹಲಗೆಗೆ ಒರಗಿ ಕೂತಿದ್ದ ಒಂಬತ್ತು ಜನ ಜಾರಿ ಜಲ್ಲಿಯ ಮೇಲೆ ಬಿದ್ದರು. ಅವರಲ್ಲಿ ಮದುಮಗಳೂ ಒಬ್ಬಳು.

ದೇವರ ದಯೆಯನ್ನು ಎಣಿಸುವುದು ನನಗೆ ಚಿಕ್ಕಂದಿನ ಅಭ್ಯಾಸ. ಲಾರಿ ಆ ಹೊತ್ತು ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಹೋಗುತ್ತಿತ್ತು. ಹಿಂದೆ ಇನ್ನೊಂದು ಗಾಡಿ ಇರಲಿಲ್ಲ. ಬಿದ್ದವರನ್ನು ಎಬ್ಬಿಸುತ್ತಲೇ ಇವೆರಡನ್ನೂ ಎಣಿಸಿಕೊಂಡೆ.

ಎಲ್ಲರನ್ನೂ ನಮ್ಮ ಅಂಗಳಕ್ಕೆ ಕರೆತಂದು ಕೂರಿಸಿದೆವು. ಅಳುವವರು, ನಗುವವರು, ಹರಿದ ಸೀರೆ ನೋಡಿಕೊಳ್ಳುವವರು. ನನಗೆ ಏನೋ ಒಂದು ಉಮೇದು. ಯಾಕೆಂದರೆ ಎರಡು ವರ್ಷದ ಹಿಂದೆ ಬಾಣಂತನಕ್ಕೆ ಹರಿಹರಕ್ಕೆ ಹೋಗಿದ್ದಾಗ ಅಲ್ಲಿಯ ಮಹಿಳಾ ಸಮಾಜದಲ್ಲಿ ನರ್ಸಮ್ಮ ಒಬ್ಬರು ಆರು ದಿನ ಪ್ರಥಮ ಚಿಕಿತ್ಸೆ ಹೇಳಿಕೊಟ್ಟಿದ್ದರು. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಕಲಿತಿದ್ದೆ. ಅಂದಿನಿಂದ ಅದು ಒಮ್ಮೆಯೂ ಉಪಯೋಗಕ್ಕೆ ಬಂದಿರಲಿಲ್ಲ. ನಮ್ಮ ಮಕ್ಕಳು ಬಿದ್ದರೆ ಅತ್ತೆಯೇ ಮೊದಲು ಓಡಿ ಬಂದು ವಿಭೂತಿ ಒತ್ತಿ ಬಿಡುತ್ತಿದ್ದರು.

ನರ್ಸಮ್ಮ ಹೇಳಿದ್ದ ಮೊದಲ ಪಾಠ, ರಕ್ತ ನೋಡುವ ಮೊದಲು ಎಲುಬು ನೋಡು. ಒಬ್ಬೊಬ್ಬರ ಮುಂದೆ ಕೂತು ಬೆರಳು ಆಡಿಸಿ, ಮೊಣಕೈ ಮಡಚಿ, ಎದ್ದು ನಿಲ್ಲಿ ಎಂದೆ. ತಲೆಗೆ ಪೆಟ್ಟಾಗಿದೆಯೇ, ಕಣ್ಣು ಕತ್ತಲೆ ಬರುತ್ತದೆಯೇ ಎಂದು ಕೇಳಿದೆ. ಮದುಮಗಳ ಸೋದರತ್ತೆ ದಪ್ಪನೆಯ ಹೆಂಗಸು, ಎದ್ದು ನಿಂತು ಒಂದು ಸುತ್ತು ತಿರುಗಿ ತೋರಿಸಿ, "ಎಲ್ಲಾ ಆಡ್ತಾವೆ ತಂಗಿ, ಹರಿದ ಸೀರೆಗೇನಾರ ಔಷಧ ಇದ್ರೆ ಹಚ್ಚು" ಅಂದರು. ಅಂಗಳವೆಲ್ಲ ನಕ್ಕಿತು. ಯಾರಿಗೂ ಎಲುಬು ಮುರಿದಿರಲಿಲ್ಲ, ತಲೆಗೆ ಏಟಿರಲಿಲ್ಲ. ಎಲ್ಲವೂ ತರಚು ಗಾಯ. ಮೊಣಕಾಲು, ಮೊಣಕೈ, ಅಂಗೈ, ಒಬ್ಬಳಿಗೆ ಗದ್ದ. ಮೇಲಿನ ಚರ್ಮ ಸುಲಿದು, ಜಲ್ಲಿಯ ಪುಡಿ ಒಳಗೆ ಮೆತ್ತಿಕೊಂಡು, ರಕ್ತ ಹನಿಹನಿಯಾಗಿ ಒಸರುತ್ತಿತ್ತು.

ಗಂಡಿನ ಸೋದರಮಾವ ಗಂಟು ಮುಖ ಹಾಕಿಕೊಂಡು ಬೇಲಿಯ ಹತ್ತಿರ ನಿಂತಿದ್ದರು. ದೊಡ್ಡ ರುಮಾಲು, ಬಿಳಿ ಕೋಟು, ಕೋಟಿನ ಜೇಬಿನಲ್ಲಿ ಸರಪಳಿಯ ಗಡಿಯಾರ. ದೊಡ್ಡಾಸ್ಪತ್ರೆಗೆ ಹೋಗೋಣವೇ ಎಂದು ಯಾರೋ ಕೇಳಿದ್ದಕ್ಕೆ, ಒಂಬತ್ತು ಜನಕ್ಕೆ ಚೀಟಿ ಮಾಡಿಸಿ ಸಾಲು ನಿಂತರೆ ಮಧ್ಯಾಹ್ನವಾಗುತ್ತದೆ ಎಂದರು. ಮುಹೂರ್ತ ಹನ್ನೊಂದೂಮುಕ್ಕಾಲಿಗೆ. ಅದು ಬಿಟ್ಟರೆ ಆಷಾಢ. ಆಮೇಲೆ ಅವರು ಎಲ್ಲರಿಗೂ ಕೇಳುವ ಹಾಗೆ ಒಂದು ಮಾತು ಹೇಳಿದರು.

"ರಕ್ತ ಒಸರೋ ಕೈ ಮೇಲೆ ಧಾರೆ ಎರೆಯೋದು ನಮ್ಮ ಮನೆತನದಾಗೆ ಇಲ್ಲ. ಬಟ್ಟೆ ಕಟ್ಟಿದ ಕೈನೂ ಆಗಂಗಿಲ್ಲ. ಹುಡುಗಿ ಕೈ ಒಣಗಿದ್ರೆ ಇವತ್ತು. ಇಲ್ಲಾಂದ್ರೆ ಆಷಾಢ ಕಳೀಲಿ, ನೋಡೋಣ."

'ನೋಡೋಣ' ಅನ್ನುವ ಮಾತಿಗೆ ಹೆಣ್ಣಿನ ಕಡೆಯವರ ಮುಖ ಸಣ್ಣದಾಯಿತು. ಒಮ್ಮೆ ಮುಂದೆ ಹೋದ ಮದುವೆ ಹಾಗೇ ಉಳಿದುಬಿಡುವುದನ್ನು ಎಲ್ಲರೂ ಕಂಡಿದ್ದರು. ಮದುಮಗಳ ಬಲಗೈಯ ಹಸಿರು ಬಳೆ ಎರಡು ಹೋಗಿದ್ದವು. ಒಡೆದವು ಅನ್ನಬಾರದಲ್ಲ, "ಹೆಚ್ಚಿದಾವೆ, ಹೆಚ್ಚಿದಾವೆ" ಎಂದು ಅವಳ ಅಜ್ಜಿ ಬಳೆಯ ಚೂರು ಸೆರಗಿಗೆ ಕಟ್ಟಿಕೊಂಡರು. ಚೂರು ಒಂದೂ ಚರ್ಮದೊಳಗೆ ಹೋಗಿರಲಿಲ್ಲ, ಅದೂ ಒಂದು ದಯೆ. ಆದರೆ ಬಿದ್ದಾಗ ಊರಿದ್ದು ಬಲ ಅಂಗೈಯನ್ನೇ. ಅಜ್ಜಿ ಅಷ್ಟರಲ್ಲಿ ತಮ್ಮ ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು, ಪುಡಿ ಮಾಡಿ, ಮೊಮ್ಮಗಳ ಅಂಗೈ ತುಂಬ ಒತ್ತಿ ಕೂರಿಸಿದ್ದರು. ಅಂಗೈ ಬೆಳ್ಳಗೆ ಒಣಗಿದಂತೆ ಕಾಣುತ್ತಿತ್ತು. ಸೋದರಮಾವ ಬಗ್ಗಿ ನೋಡಿ, "ಹಿಂಗೇ ಇದ್ರೆ ಅಡ್ಡಿಯಿಲ್ಲ" ಅಂದರು. ಅವಳನ್ನು ಬಿಟ್ಟು ಉಳಿದವರನ್ನು ನೋಡಲು ನನಗೆ ಹೇಳಿದರು.

ನಾನೂ ಹಾಗೇ ಮಾಡಿದೆ. ನೀರು ಬೇಕಿತ್ತು, ಕುದಿಸಿದ ನೀರು. ಬಚ್ಚಲು ಹಂಡೆಯಲ್ಲಿ ಯಜಮಾನರ ಸ್ನಾನವಾದ ಮೇಲೆ ಉಳಿದದ್ದು ಇನ್ನೂ ಮರಳುತ್ತಿತ್ತು. ಅದನ್ನು ಎರಡು ತಾಮ್ರದ ಕೊಡಕ್ಕೆ ತೋಡಿ ಆರಲು ಇಟ್ಟೆ. ಹಂಡೆಗೆ ಹೊಸ ನೀರು ಸೇದಲು ಅತ್ತೆ ಬಾವಿಗೆ ಹೋದರು. ಅಲ್ಲಿ ಪಾಚಿಯ ಮೇಲೆ ಕಾಲು ಜಾರಿದ ಸದ್ದು ಕೇಳಿ ನಾನು ತಿರುಗಿದರೆ, ಅವರು ಆಗಲೇ ಎದ್ದು ಸೆರಗು ಹೊದ್ದು, "ಏನಿಲ್ಲ, ನಿನ್ ಕೆಲಸ ನೋಡು" ಅಂದರು. ನೋಡಲು ಪುರಸೊತ್ತೂ ಇರಲಿಲ್ಲ.

ಬಟ್ಟೆಗೆ ಯಜಮಾನರ ಹಳೆಯ ಧೋತರ ಹರಿದು ಪಟ್ಟಿ ಮಾಡಿ ಕುದಿಯುವ ನೀರಿಗೆ ಹಾಕಿದೆ. ಇಲ್ಲಿ ನನ್ನದೇ ಒಂದು ತಪ್ಪಾಯಿತು. ಧೋತರಕ್ಕೆ ಕೆಂಪು ಅಂಚಿತ್ತು. ಅವಸರದಲ್ಲಿ ಅಂಚು ಕತ್ತರಿಸದೆ ಹಾಕಿದ್ದೆ. ಮುಚ್ಚಳ ತೆಗೆದಾಗ ಪಾತ್ರೆಯ ನೀರೆಲ್ಲ ಕೆಂಪು, ಪಟ್ಟಿಗಳೆಲ್ಲ ಕೆಂಪು. ಇಣುಕಿ ನೋಡಿದ ಒಬ್ಬ ಹುಡುಗಿ ರಕ್ತವೆಂದು ಕೂಗಿ ಕಣ್ಣು ಮುಚ್ಚಿಕೊಂಡಳು. ಅದನ್ನು ಚೆಲ್ಲಿ, ಬೇರೆ ಬಿಳಿ ಪಂಚೆ ಹುಡುಕಿ, ಅಂಚು ಕತ್ತರಿಸಿ, ಮತ್ತೆ ಕುದಿಸುವಷ್ಟರಲ್ಲಿ ಕಾಲು ಗಂಟೆ ಹೋಯಿತು. ಮನಸ್ಸಿನಲ್ಲೇ ನರ್ಸಮ್ಮನಿಗೆ ತಪ್ಪು ಒಪ್ಪಿಕೊಂಡೆ.

ಆಮೇಲೆ ಕೆಲಸ ಒಂದು ಲಯಕ್ಕೆ ಬಂತು. ಮೊದಲು ನನ್ನ ಕೈಯನ್ನು ಮೊಣಕೈಯವರೆಗೆ ಸೋಪು ಹಚ್ಚಿ ತೊಳೆದುಕೊಂಡೆ. ಗಾಯದ ಮೇಲೆ ಚೊಂಬಿನಿಂದ ನೀರನ್ನು ಮೇಲಿನಿಂದ ಧಾರೆಯಾಗಿ ಬಿಡಬೇಕು. ಆ ಧಾರೆಗೇ ಅರ್ಧ ಮಣ್ಣು ಹೋಗುತ್ತದೆ. ಆಮೇಲೆ ಪಟ್ಟಿಗೆ ಸೋಪಿನ ನೊರೆ ಮಾಡಿ, ಗಾಯದ ನಡುವಿನಿಂದ ಹೊರಗಡೆಗೆ ಒರೆಸಬೇಕು, ಹೊರಗಿನದನ್ನು ಒಳಕ್ಕೆ ತರಬಾರದು. ಉಳಿದ ಕಲ್ಲಿನ ಕಣವನ್ನು ಒಂದೊಂದಾಗಿ ಎತ್ತಬೇಕು. ಮತ್ತೆ ನೀರು. ಮನೆಯಲ್ಲಿದ್ದ ಟಿಂಚರ್ ಅಯೋಡಿನ್ ಸುತ್ತಲ ಚರ್ಮಕ್ಕೆ ಮಾತ್ರ, ಹಸಿ ಗಾಯಕ್ಕೆ ಅಲ್ಲ. ಆಮೇಲೆ ಒತ್ತಿ ಹಿಡಿದು, ಪಟ್ಟಿ ಸುತ್ತುವುದು.

ಕಣ ಎತ್ತಲು ನನ್ನ ಬಳಿ ಸೂಜಿ ಬಿಟ್ಟರೆ ಏನೂ ಇರಲಿಲ್ಲ. ಆಗ ನೆನಪಾಯಿತು, ಹೊಲದಲ್ಲಿ ಬರಿಗಾಲಲ್ಲಿ ಓಡಾಡುವ ಜನ ಮುಳ್ಳು ಚಿಮಟ ಇಟ್ಟುಕೊಳ್ಳದೆ ಹೊರಗೆ ಬರುವುದಿಲ್ಲ. ಕೇಳಿದೆ. ಅಜ್ಜಿಯ ಸಂಚಿಯಲ್ಲಿ ವೀಳ್ಯದೆಲೆ, ಅಡಿಕೆ, ಸುಣ್ಣದ ಡಬ್ಬಿಯ ಜೊತೆಗೆ ಒಂದು ಪುಟ್ಟ ಕಬ್ಬಿಣದ ಚಿಮಟ ಇತ್ತು. ಇದಕ್ಕಿಂತ ಒಳ್ಳೆಯ ಹತ್ಯಾರ ಆಸ್ಪತ್ರೆಯಲ್ಲೂ ಸಿಕ್ಕಿರಲಾರದು. ಅದನ್ನೂ ಸೂಜಿಯನ್ನೂ ಕುದಿಸಿ ತೆಗೆದುಕೊಂಡೆ.

ಮೊದಲು ಕೂತ ಹುಡುಗಿಯ ಮೊಣಕಾಲು ತೊಳೆದಾಗ ನಿಂತಿದ್ದ ರಕ್ತ ಮತ್ತೆ ಬಂತು. ತಕ್ಷಣ ಸುತ್ತಲಿನವರು ಗುಜುಗುಜು ಮಾಡಿದರು, ಇದ್ದ ಗಾಯ ಈಕೆ ದೊಡ್ಡದು ಮಾಡಿದಳು ಅಂತ. ನಾನು ಒತ್ತಿ ಹಿಡಿದೆ. ನಿಂತಿತು. ತೆಗೆದ ಕಲ್ಲನ್ನು ಅಂಗೈಯಲ್ಲಿ ತೋರಿಸಿದೆ, ಎಳ್ಳಿನಷ್ಟು ಆರು ಕಪ್ಪು ಕಣ. ಅಕ್ಕಿಯಲ್ಲಿ ಕಲ್ಲು ಹುಡುಕಿ ಹುಡುಕಿ ಕಣ್ಣು ಪಳಗಿತ್ತು, ಅದೇ ಕಣ್ಣು ಇಲ್ಲಿ ಕೆಲಸಕ್ಕೆ ಬಂತು. ಆಮೇಲೆ ಯಾರೂ ಮಾತಾಡಲಿಲ್ಲ, ಸೋದರತ್ತೆ ಒಬ್ಬರನ್ನು ಬಿಟ್ಟು. ಅವರು ತಮ್ಮ ಮೊಣಕೈ ಕೊಟ್ಟು, ಸೋಪು ಉರಿದಾಗಲೆಲ್ಲ ಗಂಡಿನ ಕಡೆಯವರ ಮೇಲೆ ಒಂದೊಂದು ಸೋಬಾನೆ ಕಟ್ಟಿ ಹೇಳುತ್ತಿದ್ದರು. ಹಲಗೆಗೆ ಕೊಂಡಿ ಇಲ್ಲದ ಮಾವ, ರುಮಾಲಿಗೆ ಮಾತ್ರ ನೂರು ಸುತ್ತು ಅಂತೇನೋ ಒಂದು. ಬೇಲಿಯ ಹತ್ತಿರ ನಿಂತಿದ್ದ ಸೋದರಮಾವ ಗಡಿಯಾರ ನೋಡುವ ನೆಪದಲ್ಲಿ ಆ ಕಡೆ ತಿರುಗಿಕೊಂಡರು.

ಜಲ್ಲಿ ಹೊರುವ ಹೆಂಗಸು ಹೋಗದೆ ಉಳಿದು ನೀರು ಹಾಕುತ್ತಿದ್ದಳು. ಎಂಟು ಜನರದ್ದು ಮುಗಿದಾಗ ಒಂಬತ್ತೂವರೆ ದಾಟಿತ್ತು. ಉಳಿದವಳು ಮದುಮಗಳು. ಕಟ್ಟೆಯ ಮೂಲೆಯಲ್ಲಿ ಬಿಳಿ ಅಂಗೈಯನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ಅಲುಗಾಡದೆ ಕೂತಿದ್ದಳು, ದೀಪ ಹಿಡಿದವಳ ಹಾಗೆ.

ಹತ್ತಿರ ಹೋಗಿ ನೋಡಿದೆ. ವಿಭೂತಿಯ ಪದರಿನ ಅಂಚಿನಲ್ಲಿ ಮಣ್ಣು ಹಾಗೇ ಕಾಣುತ್ತಿತ್ತು. ಅಂದರೆ ತೊಳೆಯದೆಯೇ ಒತ್ತಿದ್ದರು. ಒಳಗೆ ಎಷ್ಟು ಕಲ್ಲಿದೆಯೋ. ನರ್ಸಮ್ಮನ ಮಾತು ಕಿವಿಯಲ್ಲಿ ಕೂತಿತ್ತು: ಗಾಯಕ್ಕೆ ಮಣ್ಣು, ಸಗಣಿ, ಬೂದಿ ಯಾವುದೂ ತಾಗಬಾರದು, ಧನುರ್ವಾಯು ಬರುವುದು ಅಂಥ ಕಡೆಯಿಂದಲೇ. ಆಕೆ ಬೂದಿ ಅಂದಾಗ ನಾನು ಒಲೆಯ ಬೂದಿಯನ್ನಷ್ಟೇ ನೆನೆದಿದ್ದೆ. ವಿಭೂತಿಯೂ ಸಗಣಿ ಸುಟ್ಟ ಬೂದಿಯೇ ಎಂದು ಆ ಕ್ಷಣದವರೆಗೆ ನನಗೆ ಹೊಳೆದೇ ಇರಲಿಲ್ಲ. ಹೊಳೆದಾಗ ನಾಲಗೆ ಕಚ್ಚಿಕೊಂಡೆ. ದಿನಾ ಹಣೆಗೆ ಧರಿಸುವುದನ್ನು ಹೀಗೆ ಯೋಚಿಸಬಹುದೇ?

ತೊಳೆಯದೆ ಬಿಟ್ಟರೆ ಮದುವೆ ನಿರಾತಂಕ. ಕೈ ಒಣಗಿದೆ, ಮಾವ ಒಪ್ಪಿದ್ದಾರೆ. ತೊಳೆದರೆ ರಕ್ತ ಮತ್ತೆ ಬರುತ್ತದೆ, ಮುಹೂರ್ತದೊಳಗೆ ನಿಲ್ಲದಿದ್ದರೆ ಆ ಹುಡುಗಿಯ ಮದುವೆಯನ್ನು ನಾನೇ ಮುರಿದ ಹಾಗೆ. ಯಾರ ಮನೆಯವಳೋ ನಾನು, ಯಾರ ಮಗಳೋ ಅವಳು.

ಅಜ್ಜಿಗೆ ಮೆಲ್ಲಗೆ ಹೇಳಿದೆ. ಅವರು ಒಂದೇ ಸಲಕ್ಕೆ ಎದ್ದು ನಿಂತರು. ಮಠದಿಂದ ತಂದ ವಿಭೂತಿ, ಹಚ್ಚಿದ್ದನ್ನು ತೊಳೆಯುವುದೆಂದರೇನು, ಮದುವೆ ತಪ್ಪಿದರೆ ನೀನು ಹೊಣೆಯಾ ಎಂದು ಕೇಳಿದರು. ನಮ್ಮ ಅತ್ತೆಯೂ ಬಂದು ಅವರ ಪಕ್ಕದಲ್ಲೇ ನಿಂತರು. "ಆರು ದಿನ ಕಲ್ತಿದ್ದು ದೊಡ್ಡದಾತು, ಅರವತ್ತು ವರ್ಷ ಹಚ್ಚಿದ್ದು ಸಣ್ಣದಾತು" ಅಂದರು.

ಉತ್ತರ ಕೊಟ್ಟವಳು ಜಲ್ಲಿಯವಳು. ಅವಳು ಚೊಂಬು ಕೆಳಗಿಟ್ಟು, ಮದುಮಗಳ ಮುಂದೆ ಕೂತು ತನ್ನ ಮುಂಗೈ ಚಾಚಿದಳು. ಚರ್ಮದ ಒಳಗೆ ಸಾಸಿವೆಯಂಥ ನೀಲಿ ಚುಕ್ಕೆಗಳು, ಹಚ್ಚೆ ಹಾಕಿದ ಹಾಗೆ.

"ಮೂರು ವರ್ಷದ ಹಿಂದೆ ಬಿದ್ದಿದ್ದು ಇದು. ಹಿಂಗೇ ಬೂದಿ ಮೆತ್ತಿದ್ವಿ. ಮ್ಯಾಲೆ ಮಾಯ್ತು, ಕಲ್ಲು ಒಳಗೇ ಉಳೀತು. ಹದಿನೈದು ದಿನ ಕೀವು, ಕೂಸಿಗೆ ಹಾಲು ಕುಡಿಸಾಕೂ ಕೈ ಏಳ್ತಿರಲಿಲ್ಲ. ನಿನ್ ಕೈ ನೀನೇ ನೋಡ್ಕೋಬೇಕವ್ವ."

ಮದುಮಗಳು ಆ ಚುಕ್ಕೆಗಳನ್ನು ಎಡಗೈ ಬೆರಳಿನಿಂದ ಒಮ್ಮೆ ಸವರಿ ನೋಡಿದಳು. ನಾನು ಅವಳಿಗೇ ಹೇಳಿದೆ, ರಕ್ತ ನಿಲ್ಲುತ್ತದೆ ಎಂಬ ಭರವಸೆ ನನಗಿದೆ, ಆದರೆ ಎಷ್ಟು ಹೊತ್ತಿಗೆ ಎಂಬುದು ಗೊತ್ತಿಲ್ಲ. ಅವಳು ಅಜ್ಜಿಯ ಮುಖ ನೋಡಲಿಲ್ಲ, ಮಾವನ ಮುಖ ನೋಡಲಿಲ್ಲ. "ತೊಳೀರಿ ಅಕ್ಕಾ" ಅಂದಳು.

ಅತ್ತೆಯ ಕಡೆ ತಿರುಗಿ, ನನಗೆ ಆ ಹೊತ್ತಿಗೆ ದೇವರೇ ನುಡಿಸಿದ ಮಾತೊಂದನ್ನು ಹೇಳಿದೆ. "ಅತ್ತೆಮ್ಮಾ, ನಿನ್ನಿ ಧರಿಸಿದ ವಿಭೂತಿ ಇವತ್ತು ಸ್ನಾನದಾಗೆ ಹೋಗ್ತದಲ್ರೀ. ಮತ್ತೆ ಹೊಸದು ಹಚ್ಚಿಕೊಳ್ತೀವಿ. ಇದೂ ಹಂಗೇ. ತೊಳೆದು, ಹಣಿಗೆ ನೀವೇ ಹಚ್ಚಿ ಕಳಿಸ್ರಿ."

ಅತ್ತೆ ತಿರುಗಿ ಒಳಗೆ ಹೋದರು. ನಾನು ಶಿವಾ ಎಂದು ನೀರು ಬಿಟ್ಟೆ.

ಬೆಳ್ಳನೆಯ ನೀರು ಹರಿಯಿತು, ಆಮೇಲೆ ಕಂದು, ಆಮೇಲೆ ಕೆಂಪು. ಅದು ಯಾರ ಕಾಲಿಗೂ ತಾಗದಿರಲೆಂದು ಪರಾತದಲ್ಲಿ ಹಿಡಿದು ತೆಂಗಿನ ಬುಡಕ್ಕೆ ಸುರಿಸಿದೆ. ಒಳಗೆ ನೋಡಿದರೆ ಹೆಬ್ಬೆರಳಿನ ಕೆಳಗಿನ ದಿಂಬಿನಲ್ಲಿ ಹನ್ನೊಂದು ಕಲ್ಲು. ಹತ್ತು ಸುಲಭವಾಗಿ ಬಂದವು. ಒಂದು ಮಾತ್ರ ಗೋಧಿಕಾಳಿನಷ್ಟು ದೊಡ್ಡದು, ಸುಲಿದ ಚರ್ಮದ ಅಂಚಿನ ಅಡಿ ಓರೆಯಾಗಿ ಕೂತಿತ್ತು. ಚಿಮಟ ಎರಡು ಸಲ ಜಾರಿತು. ಹುಡುಗಿ ಹಲ್ಲು ಕಚ್ಚಿ ತಡೆದುಕೊಂಡಳು, ಕಣ್ಣೀರು ತಾನಾಗಿ ಇಳಿಯಿತು. ಮೂರನೆಯ ಸಲ ಸೂಜಿಯಿಂದ ಅಂಚು ಎತ್ತಿ ಚಿಮಟ ಹಾಕಿದೆ. ಬಂತು. ಎಂಥ ಸಂತೋಷ ನನಗೆ! ಹೆರಿಗೆ ಮಾಡಿಸಿದ ಸೂಲಗಿತ್ತಿಗೂ ಅಷ್ಟು ಆಗಿರಲಿಕ್ಕಿಲ್ಲ. ಆ ಕಲ್ಲನ್ನು ಎಲ್ಲರಿಗೂ ತೋರಿಸಿದೆ. ಅಜ್ಜಿಯೂ ಓರೆಗಣ್ಣಿನಲ್ಲಿ ನೋಡಿದರು.

ಆದರೆ ರಕ್ತ ನಿಲ್ಲಬೇಕಿತ್ತಲ್ಲ. ಕುದಿಸಿ ಹಿಂಡಿದ ಬಟ್ಟೆಯನ್ನು ಮಡಚಿ ಅಂಗೈಗೆ ಒತ್ತಿ, ಅವಳ ಕೈಯನ್ನು ತಲೆಗಿಂತ ಮೇಲೆ ಎತ್ತಿ ಹಿಡಿದೆ. ಹತ್ತು ನಿಮಿಷ ಬಟ್ಟೆ ಎತ್ತಬಾರದು, ಇಣುಕಲೂ ಬಾರದು ಎಂದು ಪಾಠ. ನಮ್ಮ ಮನೆಯಲ್ಲಿ ಗಡಿಯಾರ ಇರಲಿಲ್ಲ. ಬೆರಳ ಗೆಣ್ಣಿನಲ್ಲಿ ನಮಃ ಶಿವಾಯ ಎಣಿಸುತ್ತಾ ಹೊತ್ತು ಅಳೆದೆ. ಇನ್ನೂರು ದಾಟಿರಬೇಕು, ಸೋದರಮಾವ ಬಂದು, ಹತ್ತೂಕಾಲು ಆಯ್ತು, ಹೆಂಗೈತೆ ಅಂದರು. ನಾನು ಹೆದರಿ ಬಟ್ಟೆ ಎತ್ತಿ ನೋಡಿದೆ. ಅಂಟಿಕೊಂಡಿದ್ದ ಹೆಪ್ಪು ಬಟ್ಟೆಯ ಜೊತೆಯೇ ಎದ್ದು ಬಂತು, ಮತ್ತೆ ಹನಿಹನಿ ಹೊರಟಿತು. ಪಾಠದಲ್ಲಿ ಬೇಡವೆಂದದ್ದನ್ನೇ ಮಾಡಿದ್ದೆ. ಸೋದರಮಾವ ಗಡಿಯಾರವನ್ನು ಜೇಬಿಗೆ ಹಾಕಿ ಲಾರಿಯ ಕಡೆ ನಡೆದರು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡರು.

ಆಗ ಅತ್ತೆ ಹೊರಗೆ ಬಂದರು. ಕೈಯಲ್ಲಿ ಅವರ ರುದ್ರಾಕ್ಷಿ ಮಾಲೆ. ಹೊಸ ಬಟ್ಟೆ ಒತ್ತಿದ ನನ್ನ ಕೈಯ ಮೇಲೆ ತಮ್ಮ ಎಡಗೈ ಇಟ್ಟು ಅದುಮಿ ಕೂತರು. ಬಲಗೈಯಲ್ಲಿ ಮಣಿ ಎಣಿಸತೊಡಗಿದರು.

"ಆರು ಸುತ್ತು ಮುಗಿಯೋ ತನಕ ಎತ್ತಿದ್ರೆ ನೋಡು" ಅಂದರು.

ಸೋದರತ್ತೆ ಶುರು ಮಾಡಿದರು, ಉಳಿದವರು ಸೇರಿಕೊಂಡರು. ಪಟ್ಟಿ ಕಟ್ಟಿದ ಮೊಣಕಾಲು ಚಾಚಿಕೊಂಡು, ಪಟ್ಟಿ ಕಟ್ಟಿದ ಮೊಣಕೈ ಎತ್ತಿಕೊಂಡು ಎಲ್ಲರೂ ನಮಃ ಶಿವಾಯ, ನಮಃ ಶಿವಾಯ. ಲಾರಿಯ ಮೇಲೆ ಕೂತಿದ್ದ ಉಳಿದ ದಿಬ್ಬಣದವರೂ ಅಲ್ಲಿಂದಲೇ ದನಿಗೂಡಿಸಿದರು. ಜಲ್ಲಿಯ ಜನ ಬುಟ್ಟಿ ಇಳಿಸಿ ನಿಂತು ನೋಡಿದರು. ನನ್ನ ತೋಳು ಮರಗಟ್ಟಿ ಹೋಗಿತ್ತು. ನಡುವೆ ಒಮ್ಮೆ ಇಣುಕುವ ಆಸೆಯಾಗಿ ಬೆರಳು ಸಡಿಲಿಸಿದೆ. ಅತ್ತೆಯ ಕೈ ಇನ್ನಷ್ಟು ಬಿಗಿಯಾಯಿತು.

ಆರನೆಯ ಸುತ್ತು ಮುಗಿದಾಗ ಅತ್ತೆಯೇ ತಲೆಯಾಡಿಸಿದರು. ಬಟ್ಟೆಯ ಮೇಲೆ ಆರಿದ ನೀರು ಬಿಟ್ಟು ನೆನೆಸಿ, ಒಂದು ಕೊನೆಯಿಂದ ನಿಧಾನವಾಗಿ ಬಿಡಿಸಿದೆ. ಕೆಂಪಗಿತ್ತು, ಹಸಿಯಾಗಿತ್ತು, ಆದರೆ ಒಸರುತ್ತಿರಲಿಲ್ಲ. ಗಾಳಿಗೆ ಹಿಡಿದೆವು. ಒಂದು ಹನಿಯೂ ಬರಲಿಲ್ಲ. ಸೋದರಮಾವನನ್ನು ಕರೆದರು. ಅವರು ಎರಡು ಸಲ ಬಗ್ಗಿ ನೋಡಿದರು, ತಮ್ಮ ಧೋತರದ ತುದಿಯನ್ನು ಅವಳ ಅಂಗೈಯ ಪಕ್ಕಕ್ಕೆ ಮುಟ್ಟಿಸಿ ನೋಡಿದರು. ಧೋತರ ಬೆಳ್ಳಗೇ ಇತ್ತು.

"ಒಣಗೈತೆ. ಆದ್ರೆ ಹಾಲು ಎರೆದ ಮ್ಯಾಲೆ ಮತ್ತೆ ಬಂದ್ರೆ?"

ಅದು ನ್ಯಾಯವಾದ ಪ್ರಶ್ನೆಯೇ. ಹಸಿ ಚರ್ಮದ ಮೇಲೆ ತೆಂಗಿನಕಾಯಿ ಇಟ್ಟು, ಹಾಲು ಎರೆದು, ಮೇಲಿಂದ ಹತ್ತು ಜನ ಕೈಯಿಟ್ಟರೆ ಹೆಪ್ಪು ಉಳಿಯುವುದು ಕಷ್ಟ. ನಾನು ಅಷ್ಟು ಮುಂದಕ್ಕೆ ಯೋಚಿಸಿರಲಿಲ್ಲ. ನರ್ಸಮ್ಮನ ಪಾಠದಲ್ಲೂ ಧಾರೆಯ ವಿಷಯ ಇರಲಿಲ್ಲ. ಅಷ್ಟು ಹೊತ್ತು ನನ್ನ ಮೇಲೆ ಮುನಿಸಿಕೊಂಡಿದ್ದ ಅಜ್ಜಿ ಸಂಚಿ ಬಿಚ್ಚಿದರು. ಒಂದೊಂದೇ ವೀಳ್ಯದೆಲೆ ತೆಗೆದು ಬೆಳಕಿಗೆ ಹಿಡಿದು, ಅಗಲವಾದ ಎಳೆಯದೊಂದನ್ನು ಆರಿಸಿ ನನ್ನ ಮುಂದೆ ಹಿಡಿದರು.

"ಧಾರೆಗೆ ಹೆಂಗಿದ್ರೂ ಕೈಯಾಗೆ ಎಲೆ ಅಡಿಕೆ ಇಡ್ತಾರಲ್ಲ. ಎಲೆ ಮೊದ್ಲು, ಅದರ ಮ್ಯಾಲೆ ಕಾಯಿ. ಇದನ್ನೂ ನಿನ್ ಬಿಸಿನೀರಾಗೆ ಅದ್ದಿ ಕೊಡು."

ಸೋದರಮಾವನೂ ಒಪ್ಪಿದರು, ಅದು ಅವರ ಮನೆತನದಲ್ಲೂ ಇದ್ದ ಪದ್ಧತಿಯೇ. ಎಲೆಯ ತೊಟ್ಟು, ತುದಿ ಮುರಿದು, ಕುದಿಸಿ ಆರಿದ ನೀರಿನಲ್ಲಿ ಎರಡು ಸಲ ತೊಳೆದು, ಒರೆಸಿ, ಶುಭ್ರವಾದ ಪಟ್ಟಿಯಲ್ಲಿ ಸುತ್ತಿಟ್ಟೆ. ಅಂಗೈಗೆ ದಾರಿಯ ಧೂಳು ಬೀಳದಂತೆ ಇನ್ನೊಂದು ಪಟ್ಟಿಯನ್ನು ಸಡಿಲವಾಗಿ ಹೊದಿಸಿದೆ. ಅತ್ತೆ ತಮ್ಮ ವಿಭೂತಿ ಕರಡಿಗೆ ತಂದು ಒಂಬತ್ತು ಜನರ ಹಣೆಗೂ ಹಚ್ಚಿದರು. ಮದುಮಗಳಿಗೆ ಹಚ್ಚುವಾಗ ತಲೆ ನೇವರಿಸಿದರು. ಜಲ್ಲಿಯವಳ ಹಣೆಗೂ ಹಚ್ಚಿದರು. ಅವಳು ನಗುತ್ತಾ ಬುಟ್ಟಿ ಎತ್ತಿಕೊಂಡು ಕೆಲಸಕ್ಕೆ ಹೋದಳು.

ಹಲಗೆಗೆ ಈ ಸಲ ಕೊಂಡಿಯ ಜೊತೆ ನಮ್ಮ ಬಾವಿಯ ಹಗ್ಗವನ್ನೂ ಬಿಗಿದರು. ನನ್ನನ್ನು ಬಿಟ್ಟು ಹೋಗಲು ಹುಡುಗಿ ಒಪ್ಪಲಿಲ್ಲ. ಹಳೆಯ ಸೀರೆಯಲ್ಲೇ, ಎಡಗೈಯಲ್ಲಿ ವೀಳ್ಯದೆಲೆಯ ಗಂಟು ಹಿಡಿದುಕೊಂಡು ನಾನೂ ಲಾರಿ ಹತ್ತಿದೆ. ಅತ್ತೆ ಬರಲಿಲ್ಲ, ಮನೆ ನೋಡಿಕೊಳ್ಳುತ್ತೇನೆ ಅಂದರು.

ಮಂಡಿಪೇಟೆ ಮುಟ್ಟಿದಾಗ ಹನ್ನೊಂದು ದಾಟಿತ್ತು. ಧಾರೆ ಸೀರೆ ಉಡಿಸುವಾಗ ಅಂಗೈಯನ್ನು ನಾನೇ ಎತ್ತಿ ಹಿಡಿದಿದ್ದೆ. ಮಂಟಪದಲ್ಲಿ ಅಜ್ಜಿ ಎಲೆ ಇಟ್ಟರು, ಮೇಲೆ ಅಡಿಕೆ, ಮೇಲೆ ಕಾಯಿ. ಗಂಡಿನ ಕೈ ಕೆಳಗೆ ಬಂತು. ಹಾಲು ಎರೆದರು. ನಾನು ಹಾಲನ್ನೇ ನೋಡುತ್ತಿದ್ದೆ, ಬೇರೇನನ್ನೂ ನೋಡಲಿಲ್ಲ. ಕಾಯಿಯ ಮೇಲಿನಿಂದ ಬೆಳ್ಳಗೆ ಇಳಿದದ್ದು ತಟ್ಟೆಗೂ ಬೆಳ್ಳಗೇ ಬಿತ್ತು. ವಾಲಗ ಜೋರಾಯಿತು. ಸೋದರತ್ತೆ ಹಿಂದಿನಿಂದ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ನನಗೆ ಅಳು ಬಂತೋ ನಗು ಬಂತೋ ನೆನಪಿಲ್ಲ, ಎರಡೂ ಇರಬೇಕು.

ಊಟ ಆದ ಕೂಡಲೇ ಸೋದರಮಾವ ತಾವಾಗಿಯೇ ಒಂಬತ್ತು ಜನರನ್ನೂ ಅದೇ ಲಾರಿಯಲ್ಲಿ ಧನುರ್ವಾಯುವಿನ ಸೂಜಿಗೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ನಾನು ಕೇಳಿಕೊಂಡಿದ್ದೆ, ಅವರು ಮರೆಯಲಿಲ್ಲ. ಮದುಮಗಳೂ ತಲೆಗೆ ಕಟ್ಟಿದ್ದ ಬಾಸಿಂಗ ಬಿಚ್ಚಿಟ್ಟು ಹೋದಳು. ನನ್ನನ್ನು ದಾರಿಯಲ್ಲಿ ಮನೆಯ ಹತ್ತಿರ ಇಳಿಸುವಾಗ ಬಾವಿಯ ಹಗ್ಗ ಬಿಚ್ಚಿ, ಸುತ್ತಿ, ಅವರೇ ಕೈಗೆ ಕೊಟ್ಟರು. ರುಮಾಲು ಸರಿಮಾಡಿಕೊಂಡರು.

ಅಂಗಳ ಅತ್ತೆಯ ಕೈಯಲ್ಲಿ ಆಗಲೇ ಗುಡಿಸಿ ಚೊಕ್ಕಟವಾಗಿತ್ತು. ಉಪಯೋಗಿಸಿದ ಪಟ್ಟಿಗಳನ್ನೆಲ್ಲ ಕುದಿಸಿ ತಂತಿಯ ಮೇಲೆ ಒಣಹಾಕಿದ್ದರು. ನಾನು ಕಟ್ಟೆಯ ಮೇಲೆ ಕೂತು ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಹಾಲು ಬೆಳ್ಳಗೆ ಬಿದ್ದದ್ದನ್ನು ಎರಡು ಸಲ ಹೇಳಿಸಿಕೊಂಡರು. ಆಮೇಲೆ ಸೆರಗು ಸರಿಸಿ ಎಡ ಮೊಣಕೈಯನ್ನು ನನ್ನ ಕಡೆ ಚಾಚಿದರು.

ಬೆಳಿಗ್ಗೆ ಬಾವಿಯ ಹತ್ತಿರ ಬಿದ್ದಾಗ ಆದದ್ದು. ಎರಡು ಬೆರಳಗಲ ಸುಲಿದಿತ್ತು. ಅದರ ಮೇಲೆ ದಪ್ಪಗೆ ವಿಭೂತಿ. ಆ ಕೈಯಲ್ಲೇ ಆರು ಸುತ್ತು ಮುಗಿಯುವ ತನಕ ನನ್ನ ಕೈ ಅದುಮಿ ಹಿಡಿದಿದ್ದರು.

"ಹಚ್ಚಿದೀನಿ. ಸರಿ ಕಂಡ್ರೆ ಇರಲಿ, ಇಲ್ಲಾಂದ್ರೆ ಇದನ್ನೂ ತೊಳಿ" ಅಂದರು.

ತೊಳೆದೆ. ಕಲ್ಲು ಒಂದೂ ಇರಲಿಲ್ಲ, ಪಾಚಿ ಮಾತ್ರ. ನಾಳೆ ಆಸ್ಪತ್ರೆಗೆ ಸೂಜಿಗೆ ಹೋಗಬೇಕು ಎಂದದ್ದಕ್ಕೆ ಮುಖ ಗಂಟು ಹಾಕಿದರು, ಆದರೆ ಮರುದಿನ ಬಂದರು. ಪಟ್ಟಿ ಸುತ್ತಿ ಗಂಟು ಹಾಕಿ ನಾನು ಎದ್ದೆ. ಹೊರಗೆ ಜಲ್ಲಿ ಸುರಿಯುವ ಸದ್ದು. ಮೊರ ಬೆಳಿಗ್ಗೆ ಬಿಟ್ಟಲ್ಲೇ ಇತ್ತು. ಗುಬ್ಬಿಗಳು ಒಂದು ಅಂಚು ಖಾಲಿ ಮಾಡಿದ್ದವು, ಉಳಿದದ್ದು ರಾತ್ರಿಯ ಅನ್ನಕ್ಕೆ ಸಾಕಾಗುವಷ್ಟಿತ್ತು. ಅದೂ ಒಂದು ದಯೆಯೇ. ಬೆಳಕು ಇರುವಾಗಲೇ ಮುಗಿಸಬೇಕೆಂದು ಮೊರವನ್ನು ಎಳೆದುಕೊಂಡು, ಕಲ್ಲು ಆರಿಸಲು ಕೂತೆ.